ಮಾತು ಕೊಟ್ಟವರು ಇಬ್ಬರು: ಬೆಂಗಾಲ್ಸ್ ಮಾಲೀಕರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಮೈಕ್ ಬ್ರೌನ್ ಅವರಿಗೆ,
ಅಧ್ಯಕ್ಷರು, ಸಿನ್ಸಿನಾಟಿ ಬೆಂಗಾಲ್ಸ್ ಫುಟ್‌ಬಾಲ್ ತಂಡ,
ಸಿನ್ಸಿನಾಟಿ, ಒಹಾಯೊ.

ವಿಷಯ: ಕ್ವಾರ್ಟರ್‌ಬ್ಯಾಕ್ ಜೋ ಬರೋ ಅವರನ್ನು ಉಳಿಸಿಕೊಳ್ಳುವ ಕುರಿತು ಮತ್ತು ತಂಡದ ಆಡಳಿತದ ಕುರಿತು.

ಮಾನ್ಯರೇ,

2011ರ ಜುಲೈ ತಿಂಗಳಲ್ಲಿ ತಾವು ಪತ್ರಕರ್ತರ ಮುಂದೆ ಒಂದು ಮಾತು ಆಡಿದ್ದಿರಿ. ತಮ್ಮ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್ ಆಗ ಹಟ ಹಿಡಿದು ಕೂತಿದ್ದರು: ಬೇರೆ ತಂಡಕ್ಕೆ ಬಿಟ್ಟುಕೊಡಿ, ಇಲ್ಲವಾದರೆ ಆಟವನ್ನೇ ಬಿಡುತ್ತೇನೆ ಎಂದು. ಅವರು ಕರಾರಿಗೆ ಸಹಿ ಹಾಕಿದ್ದಾರೆ, ನಮಗೆ ಮಾತು ಕೊಟ್ಟಿದ್ದಾರೆ, ಆ ಮಾತನ್ನು ನಂಬಿ ನಾವು ನಡೆದಿದ್ದೇವೆ, ಮಾತಿಗೆ ತಪ್ಪಿ ಹೊರಟವರಿಗೆ ಬಹುಮಾನ ಕೊಡುವುದಿಲ್ಲ ಎಂಬುದು ತಮ್ಮ ಉತ್ತರದ ತಾತ್ಪರ್ಯವಾಗಿತ್ತು. ಹಾರ್ವರ್ಡ್‌ನಲ್ಲಿ ಕಾನೂನು ಓದಿದವರು ತಾವು. ಕರಾರಿಗೆ ಎರಡು ಪಕ್ಷಗಳಿರುತ್ತವೆ ಎಂಬುದನ್ನು ನನ್ನಂಥವನು ಹೇಳಿಕೊಡಬೇಕಾಗಿಲ್ಲ. ಆದರೆ ತಮ್ಮ ಪಕ್ಷದಿಂದ ಕೊಟ್ಟ ಮಾತು ಯಾವುದು, ಅದು ಎಷ್ಟರಮಟ್ಟಿಗೆ ಈಡೇರಿತು ಎಂದು ತಾವು ಒಮ್ಮೆಯೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ. ಆ ಲೆಕ್ಕ ಕೇಳುವ ಸಲುವಾಗಿಯೇ ಈ ಪತ್ರ.

ನಾನು ಸಿನ್ಸಿನಾಟಿ ಇರುವ ಹ್ಯಾಮಿಲ್ಟನ್ ಕೌಂಟಿಯ (ಜಿಲ್ಲೆಯ) ನಿವಾಸಿ, ಕರ್ನಾಟಕದಿಂದ ಬಂದು ಇಲ್ಲಿ ನೆಲೆಸಿದ ಎಂಜಿನಿಯರ್. ಇಲ್ಲಿಯ ಅಂಗಡಿಯಲ್ಲಿ ಮಗಳಿಗೆ ಒಂದು ಜೊತೆ ಬೂಟು ಕೊಂಡರೂ ಪ್ರತಿ ಡಾಲರ್‌ಗೆ ಅರ್ಧ ಸೆಂಟಿನಂತೆ ಕ್ರೀಡಾಂಗಣಗಳ ಲೆಕ್ಕಕ್ಕೆ ತೆರಿಗೆ ಕಟ್ಟುವವನು. ಪತ್ರ ಕನ್ನಡದಲ್ಲಿದೆ, ಇದನ್ನು ಮೊದಲು ಓದುವವರು ನನ್ನ ಹಾಗೆಯೇ ಒಹಾಯೊ ನದಿಯ ದಂಡೆಗೆ ಬಂದು ಸೇರಿ, ಮಕ್ಕಳ ಕಾಟಕ್ಕೆ ಕಿತ್ತಳೆ ಬಣ್ಣದ ಮೇಲೆ ಕಪ್ಪು ಪಟ್ಟೆಯ ಅಂಗಿ ಕೊಂಡು, ಕೊನೆಗೆ ಮಕ್ಕಳಿಗಿಂತ ಹೆಚ್ಚಾಗಿ ತಾವೇ ಈ ಆಟದ ಹುಚ್ಚು ಹಿಡಿಸಿಕೊಂಡ ಕನ್ನಡಿಗರು. ಅನುವಾದ ಮಾಡಿಸಿಕೊಳ್ಳುವ ಅನುಕೂಲ ತಮಗಿದೆ.

ಈ ಆಟವನ್ನು ನೋಡದ ಓದುಗರಿಗೆ ಎರಡೇ ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದಾಳಿ ಮಾಡುವ ತಂಡದ ಬಹುತೇಕ ಪ್ರತಿಯೊಂದು ನಡೆಯೂ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಶುರುವಾಗುತ್ತದೆ. ಅವನ ಮುಂದೆ ಐವರು ದಢೂತಿ ಆಟಗಾರರ ಸಾಲೊಂದು ಗೋಡೆಯಂತೆ ನಿಂತಿರುತ್ತದೆ. ಎದುರಾಳಿಗಳು ಆ ಗೋಡೆಯನ್ನು ಒಡೆದು ಒಳನುಗ್ಗುವುದರೊಳಗೆ, ಅಂದರೆ ಎರಡು ಮೂರು ಸೆಕೆಂಡಿನಲ್ಲಿ, ಅವನು ಚೆಂಡನ್ನು ಎಸೆದಿರಬೇಕು. ಎಸೆಯುವ ಮೊದಲೇ ಅವನನ್ನು ನೆಲಕ್ಕೆ ಕೆಡವಿದರೆ ಅದು ಸ್ಯಾಕ್. ಬೆಂಗಾಲ್ಸ್ ಕಥೆಯಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ.

ಪಾಮರ್ ತಮ್ಮಲ್ಲಿಗೆ ಬಂದದ್ದು 2003ರಲ್ಲಿ, ಡ್ರಾಫ್ಟ್‌ನ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಪದ್ಧತಿಯ) ಮೊದಲ ಆಯ್ಕೆಯಾಗಿ. ಹಿಂದಿನ ಋತುವಿನಲ್ಲಿ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಎರಡು. ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಕಾಲೇಜಿನಿಂದ ಹೊರಬರುವ ಎಲ್ಲರಿಗಿಂತ ಒಳ್ಳೆಯ ಹುಡುಗ ಸಿಗುತ್ತಾನೆ; ತಂಡವನ್ನು ಆರಿಸಿಕೊಳ್ಳುವ ಹಕ್ಕು ಹುಡುಗನಿಗಿಲ್ಲ. ಆದರೂ ಪಾಮರ್ ಮುನಿಸಿಕೊಳ್ಳಲಿಲ್ಲ. 2005ರಲ್ಲಿ 32 ಟಚ್‌ಡೌನ್ ಪಾಸ್ (ಚೆಂಡನ್ನು ಎದುರಾಳಿಯ ಗಡಿ ದಾಟಿಸಿ ಅಂಕ ತರುವ ಎಸೆತ) ಎಸೆದು ಇಡೀ ಎನ್‌ಎಫ್‌ಎಲ್ ಲೀಗಿಗೇ ಮೊದಲಿಗರಾದರು. ಆ ಡಿಸೆಂಬರ್‌ನಲ್ಲಿ 2014ರವರೆಗಿನ ಕರಾರಿಗೆ ಸಹಿಯನ್ನೂ ಹಾಕಿದರು. ತಂಡ ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ತಲುಪಿತ್ತು. 2006ರ ಜನವರಿ 8ರಂದು ಸ್ಟೀಲರ್ಸ್ ವಿರುದ್ಧ ಅವರು ಎಸೆದ ಮೊದಲ ಪಾಸ್ 66 ಗಜ ಗಳಿಸಿಕೊಟ್ಟಿತು. ಊರಿಗೆ ಊರೇ ಎದ್ದು ಕೂಗುತ್ತಿದ್ದಾಗ ಪಾಮರ್ ಎಡ ಮೊಣಕಾಲು ಹಿಡಿದುಕೊಂಡು ನೆಲದ ಮೇಲಿದ್ದರು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದು ಆಡಿದರು. 2010ರಲ್ಲಿ ನಾಲ್ಕು ಗೆಲುವು, ಹನ್ನೆರಡು ಸೋಲು. ಅದರಲ್ಲಿ ಹತ್ತು ಸೋಲು ಸಾಲಾಗಿ. ಆ ಬಳಿಕವೇ ಅವರು ಬಿಟ್ಟುಬಿಡಿ ಎಂದು ಕೇಳಿದ್ದು, ಮನೆಯನ್ನು ಮಾರಾಟಕ್ಕೆ ಇಟ್ಟದ್ದು. ಈ ಸಂಸ್ಥೆ ಸೂಪರ್ ಬೌಲ್ (ಲೀಗಿನ ಅಂತಿಮ ಪಂದ್ಯ) ಗೆಲ್ಲಲು ನಿಜವಾಗಿ ಪ್ರಯತ್ನಿಸುತ್ತಿದೆ ಎಂದು ನನಗೆ ಎಂದೂ ಅನ್ನಿಸಲಿಲ್ಲ ಎಂದು ಅವರು ನಿವೃತ್ತಿಯಾದ ಮೇಲೆ ಹೇಳಿದರು. ಹಣದ ಮಾತಲ್ಲ ಅದು, ನಂಬಿಕೆಯ ಮಾತು.

ತಾವು ಬಿಡಲಿಲ್ಲ. ಅಕ್ಟೋಬರ್ ತನಕ ಅವರನ್ನು ಮನೆಯಲ್ಲಿ ಕೂರಿಸಿ, ಓಕ್ಲೆಂಡಿನ ರೇಡರ್ಸ್ ತಂಡಕ್ಕೆ ಕ್ವಾರ್ಟರ್‌ಬ್ಯಾಕ್ ಇಲ್ಲದೆ ಪ್ರಾಣಕ್ಕೆ ಬಂದಾಗ ಎರಡು ಉತ್ತಮ ಡ್ರಾಫ್ಟ್ ಆಯ್ಕೆಗಳಿಗೆ ಕೊಟ್ಟಿರಿ. ವ್ಯಾಪಾರವಾಗಿ ನೋಡಿದರೆ ಅದು ಬಹಳ ಚೆನ್ನಾದ ವ್ಯಾಪಾರ, ನಾನೇ ಮೆಚ್ಚಿದ್ದೇನೆ. ನನ್ನ ಭಯ ಇರುವುದೂ ಅಲ್ಲೇ. ಹಟ ಹಿಡಿದರೆ ಲಾಭವಾಗುತ್ತದೆ ಎಂಬ ಪಾಠವನ್ನು ತಮ್ಮ ಕಚೇರಿ ಅಂದು ಕಲಿಯಿತು. ಆಟಗಾರ ಏಕೆ ಹೊರಟ ಎಂಬ ಪಾಠ ಉಳಿದೇಹೋಯಿತು. ಪಾಮರ್ ಹೋದ ಮೇಲೂ 2015ರವರೆಗೆ ತಂಡ ಪ್ರತಿವರ್ಷ ಪ್ಲೇಆಫ್‌ಗೆ ಹೋಯಿತು, ಪ್ರತಿವರ್ಷವೂ ಮೊದಲ ಪಂದ್ಯದಲ್ಲೇ ಸೋತು ಬಂತು. 1991ರ ಜನವರಿಯಿಂದ 2022ರ ಜನವರಿಯವರೆಗೆ, ಮೂವತ್ತೊಂದು ವರ್ಷ, ಒಂದೇ ಒಂದು ಪ್ಲೇಆಫ್ ಗೆಲುವಿಲ್ಲ. ಬೆಂಗಳೂರಿನ ಐಪಿಎಲ್ ತಂಡದ ಕಪ್ಪಿಗಾಗಿ ಹದಿನೆಂಟು ವರ್ಷ ಕಾದು ಕೂತ ಜನ ನಾವು. ತಾಳ್ಮೆಯ ವಿಷಯದಲ್ಲಿ ನಮಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಆದರೆ ಮೂವತ್ತೊಂದು ವರ್ಷವನ್ನು ದುರದೃಷ್ಟದ ಮೇಲೆ ಹಾಕಲು ಆಗುವುದಿಲ್ಲ.

ತಮ್ಮ ತಂದೆಯವರ ಹೆಸರನ್ನು ಇಲ್ಲಿ ಎತ್ತಬೇಕಾಗಿದೆ, ಕ್ಷಮಿಸಿ. ಪಾಲ್ ಬ್ರೌನ್ ಈ ಆಟವನ್ನು ಓದುವ ವಿದ್ಯೆಯನ್ನಾಗಿ ಮಾಡಿದವರು. ಆಟಗಾರರನ್ನು ತರಗತಿಯಲ್ಲಿ ಕೂರಿಸಿ ನೋಟ್ ಬರೆಸಿದವರು, ಎದುರಾಳಿಯ ಆಟವನ್ನು ಫಿಲ್ಮ್‌ನಲ್ಲಿ ಕ್ರಮಬದ್ಧವಾಗಿ ತಿರುಗಿಸಿ ನೋಡುವ ಪದ್ಧತಿ ತಂದವರು, ಸಹಾಯಕ ತರಬೇತುದಾರರನ್ನು ವರ್ಷವಿಡೀ ಸಂಬಳಕ್ಕಿಟ್ಟುಕೊಂಡವರು, ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ರೇಡಿಯೊ ಇಟ್ಟು ನೋಡಿದವರು. ಅವರದೇ ಹೆಸರನ್ನು ಹೊತ್ತ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದಿಂದ 1963ರಲ್ಲಿ ಹೊಸ ಮಾಲೀಕರೊಬ್ಬರು ಅವರನ್ನೇ ತೆಗೆದುಹಾಕಿದರು. ಮಾಲೀಕನೊಬ್ಬ ಆಟ ಬಲ್ಲವನನ್ನು ಹೇಗೆ ನೋಯಿಸಬಲ್ಲ ಎಂಬುದು ತಮ್ಮ ಮನೆಯಲ್ಲೇ ನಡೆದ ಕಥೆ. ಅಂಥವರು 1968ರಲ್ಲಿ ಕಟ್ಟಿದ ತಂಡದಲ್ಲಿ ಇಂದು ಜನರಲ್ ಮ್ಯಾನೇಜರ್ ಎಂಬ ಹುದ್ದೆಯೇ ಇಲ್ಲ. ಆ ಅಧಿಕಾರವನ್ನು ತಾವೇ ಇಟ್ಟುಕೊಂಡಿದ್ದೀರಿ, ಕುಟುಂಬದವರು ಸುತ್ತ ಇದ್ದಾರೆ. ದೇಶದ ಕಾಲೇಜುಗಳನ್ನೆಲ್ಲ ಸುತ್ತಿ ಪ್ರತಿಭೆ ಹುಡುಕುವ ಸ್ಕೌಟ್‌ಗಳ ವಿಭಾಗ ಇಡೀ ಲೀಗಿನಲ್ಲೇ ಅತಿ ಚಿಕ್ಕವುಗಳಲ್ಲಿ ಒಂದು. 2022ರವರೆಗೆ ಚಳಿಗಾಲದ ಅಭ್ಯಾಸಕ್ಕೆ ತಂಡಕ್ಕೆ ಸ್ವಂತ ಒಳಾಂಗಣವೂ ಇರಲಿಲ್ಲ. ಹಿಮ ಬೀಳುವ ಊರಿನಲ್ಲಿ ವೃತ್ತಿಪರ ಆಟಗಾರರು ವಿಶ್ವವಿದ್ಯಾಲಯದ ಜಾಗವನ್ನು ಎರವಲು ಪಡೆಯುತ್ತಿದ್ದರು.

1999ರ ಡ್ರಾಫ್ಟ್ ನೆನಪಿದೆಯೇ? ತಮಗೆ ಬಂದಿದ್ದ ಮೂರನೆಯ ಸರದಿಯ ಬದಲಿಗೆ ನ್ಯೂ ಆರ್ಲಿಯನ್ಸ್ ತಂಡ ಕಂತೆಗಟ್ಟಲೆ ಆಯ್ಕೆಗಳನ್ನು ಕೊಡಲು ಬಂದಿತ್ತು. ಬೇಡವೆಂದು ಅಕಿಲಿ ಸ್ಮಿತ್ ಎಂಬ ಕ್ವಾರ್ಟರ್‌ಬ್ಯಾಕನ್ನು ತಂದಿರಿ. ಅವರು ಒಟ್ಟು 17 ಪಂದ್ಯಗಳನ್ನು ಆರಂಭಿಸಿ ಐದು ಟಚ್‌ಡೌನ್ ಪಾಸ್ ಎಸೆದು ಮರೆಯಾದರು. ಹುಡುಗನನ್ನು ನಾನು ದೂರುವುದಿಲ್ಲ. ಆಯ್ಕೆಯಲ್ಲಿ ತಪ್ಪು ಎಲ್ಲರಿಂದಲೂ ಆಗುತ್ತದೆ. ತಪ್ಪು ಮಾಡಿದವರನ್ನು ಕೇಳುವವರು ಯಾರೂ ಇಲ್ಲದಿರುವುದು ಬೆಂಗಾಲ್ಸ್‌ನಲ್ಲಿ ಮಾತ್ರ.

ಈಗ ಜೋ ಬರೋ ವಿಷಯ. ಇವರು ಹೊರಗಿನವರಲ್ಲ. ಒಹಾಯೊದ ಅಥೆನ್ಸ್ ಕೌಂಟಿಯಲ್ಲಿ ಬೆಳೆದ ಹುಡುಗ. 2019ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪ್ರಶಸ್ತಿ ಸ್ವೀಕರಿಸುವ ವೇದಿಕೆಯಲ್ಲಿ ತಮ್ಮೂರಿನ ಕಡೆ ಹಸಿದು ಮಲಗುವ ಮಕ್ಕಳ ಬಗ್ಗೆ ಗದ್ಗದಿತರಾಗಿ ಮಾತಾಡಿದರು, ಅದನ್ನು ಕೇಳಿದ ಜನ ಅಲ್ಲಿಯ ಆಹಾರ ನಿಧಿಗೆ ಐದು ಲಕ್ಷ ಡಾಲರ್‌ಗಿಂತ ಹೆಚ್ಚು ಹಣ ಕಳಿಸಿದರು. 2020ರಲ್ಲಿ ಮತ್ತೆ ಡ್ರಾಫ್ಟ್‌ನ ಮೊದಲ ಆಯ್ಕೆ, ಮತ್ತೆ ಬೆಂಗಾಲ್ಸ್. ಬರಬೇಡ ಎಂದು ಹೇಳಿದವರು ಆಗ ಬೇಕಾದಷ್ಟು ಜನರಿದ್ದರು. ಅವರು ಬಂದರು. ಹತ್ತು ಪಂದ್ಯಗಳಲ್ಲಿ 32 ಸಲ ಸ್ಯಾಕ್ ಆದರು. ಹತ್ತನೆಯ ಪಂದ್ಯದಲ್ಲಿ ಎಡ ಮೊಣಕಾಲಿನ ಅಸ್ಥಿರಜ್ಜುಗಳು ಹರಿದವು.

ಮರುವರ್ಷ ಆ ಗೋಡೆಯನ್ನು ಸರಿಮಾಡುತ್ತೀರಿ ಎಂದುಕೊಂಡೆವು. ಋತುವಿನಲ್ಲಿ 51 ಸ್ಯಾಕ್. ಟೆನೆಸಿ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಒಂದೇ ದಿನ ಒಂಬತ್ತು. ಒಂಬತ್ತು ಸಲ ನೆಲಕಚ್ಚಿಯೂ ಎದ್ದು ಪಂದ್ಯ ಗೆಲ್ಲಿಸಿಕೊಟ್ಟರು, ಮುಂದಿನ ವಾರ ಕಾನ್ಸಾಸ್ ಸಿಟಿಗೆ ಹೋಗಿ ಅಲ್ಲಿಯೂ ಗೆದ್ದು ಬಂದರು. ನಂತರ 2022ರ ಫೆಬ್ರವರಿ 13ರ ಸೂಪರ್ ಬೌಲ್. 23–20ರಿಂದ ಹಿಂದಿದ್ದೇವೆ, ಒಂದು ನಿಮಿಷವೂ ಉಳಿದಿಲ್ಲ, ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು, ಇನ್ನು ಒಂದು ಗಜ ಬೇಕು. ಚೆಂಡು ಕೈಗೆ ಬಂದ ಕ್ಷಣದಲ್ಲೇ ರ‍್ಯಾಮ್ಸ್ ತಂಡದ ಆರನ್ ಡೊನಾಲ್ಡ್ ಸಾಲನ್ನು ದಾಟಿ ಒಳಗಿದ್ದರು. ಬರೋ ಅವರ ಮೈಯನ್ನು ಹಿಡಿದು ಅರ್ಧ ಸುತ್ತು ತಿರುಗಿಸಿದರು. ಬೀಳುತ್ತಲೇ ಬರೋ ಚೆಂಡನ್ನು ಹೇಗೋ ತಳ್ಳಿದರು. ಅದು ಸಮಾಜೆ ಪೆರೈನ್ ಅವರ ಕೈಗೆ ಎಟುಕದೆ ನೆಲದ ಮೇಲೆ ಬಿತ್ತು. ಸಾಲು ಇನ್ನೊಂದು ಸೆಕೆಂಡ್ ನಿಂತಿದ್ದರೆ ಏನಾಗುತ್ತಿತ್ತು ಎಂದು ಈ ಊರಿನಲ್ಲಿ ಇಂದಿಗೂ ಮಾತಾಡಿಕೊಳ್ಳುತ್ತಾರೆ. ಆ ಪಂದ್ಯದಲ್ಲಿ ಏಳು ಸ್ಯಾಕ್. ಅದಾದ ಮೇಲೆ, ಮುಂದಿನ ತಿಂಗಳು, ಸಾಲಿಗೆ ಹೊಸ ಆಟಗಾರರನ್ನು ದುಡ್ಡು ಕೊಟ್ಟು ತಂದಿರಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದು ನಮ್ಮಲ್ಲಿ ಇದಕ್ಕೆ ಒಂದು ಗಾದೆಯಿದೆ.

ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. 2023ರಲ್ಲಿ ಬರೋ ಅವರಿಗೆ ಐದು ವರ್ಷಕ್ಕೆ 27.5 ಕೋಟಿ ಡಾಲರ್‌ಗಳ ಕರಾರು ಕೊಟ್ಟಿರಿ, ಆಗ ಅದು ವಾರ್ಷಿಕ ಸರಾಸರಿಯಲ್ಲಿ ಲೀಗಿನ ಅತಿ ದೊಡ್ಡ ಕರಾರು. 2025ರ ಮಾರ್ಚ್‌ನಲ್ಲಿ ಬರೋ ಎಸೆತಗಳನ್ನು ಹಿಡಿಯುವ ಜಮಾರ್ ಚೇಸ್ ಮತ್ತು ಟೀ ಹಿಗಿನ್ಸ್ ಇಬ್ಬರನ್ನೂ ಉಳಿಸಿಕೊಂಡಿರಿ. ಜಿಪುಣರೆಂಬ ಹಳೆಯ ಆರೋಪವನ್ನು ನಾನು ಈಗ ಹೊರಿಸುವುದಿಲ್ಲ. ನನ್ನ ದೂರು ಹಣ ಬಿಚ್ಚುವ ರೀತಿಯ ಬಗ್ಗೆ. ಚೇಸ್ ಅವರ ಕರಾರನ್ನು ಒಂದು ವರ್ಷ ಮೊದಲೇ ಮುಗಿಸಿದ್ದರೆ ಅಗ್ಗದಲ್ಲಿ ಆಗುತ್ತಿತ್ತು. ಕಾಯಿಸಿದಿರಿ, ಅವರು ಆ ಋತುವಿನಲ್ಲಿ ಕ್ಯಾಚ್, ಗಜ, ಟಚ್‌ಡೌನ್ ಮೂರರಲ್ಲೂ ಲೀಗಿಗೆ ಮೊದಲಿಗರಾಗಿ ಬೆಲೆ ಏರಿಸಿಕೊಂಡರು. ಟ್ರೇ ಹೆಂಡ್ರಿಕ್ಸನ್ 2024ರಲ್ಲಿ 17.5 ಸ್ಯಾಕ್ ಮಾಡಿ ಇಡೀ ಲೀಗಿಗೆ ಮೊದಲು ಬಂದವರು. ಅವರೊಂದಿಗೆ ಮರುವರ್ಷ ಆಗಸ್ಟ್‌ವರೆಗೂ ಬೀದಿಯಲ್ಲಿ ಜಗಳ. ಆ ವರ್ಷದ ಮೊದಲ ಸುತ್ತಿನ ಆಯ್ಕೆ ಶೆಮಾರ್ ಸ್ಟುವರ್ಟ್ ಜೊತೆ ಕರಾರಿನ ಒಂದು ಷರತ್ತಿನ ವಾಕ್ಯಕ್ಕಾಗಿ ತಕರಾರು ತೆಗೆದು, ಕಲಿಯಬೇಕಾದ ಹುಡುಗ ಅಭ್ಯಾಸ ಶಿಬಿರದ ಆರಂಭವನ್ನೇ ತಪ್ಪಿಸಿಕೊಳ್ಳುವಂತೆ ಮಾಡಿದಿರಿ. ಇಬ್ಬರೂ ರಕ್ಷಣಾ ವಿಭಾಗದವರು ಎಂಬುದನ್ನು ಗಮನಿಸಿ, ಏಕೆಂದರೆ ತಂಡ ಸೋಲುತ್ತಿರುವುದೇ ಅಲ್ಲಿ.

2024ರಲ್ಲಿ ಬರೋ 4,918 ಗಜ ಮತ್ತು 43 ಟಚ್‌ಡೌನ್ ಎಸೆದರು. ಎರಡರಲ್ಲೂ ಲೀಗಿಗೆ ಮೊದಲು. ತಂಡ 33 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿಯೂ ನಾಲ್ಕು ಪಂದ್ಯ ಸೋತು ಪ್ಲೇಆಫ್ ತಪ್ಪಿಸಿಕೊಂಡಿತು. 2025ರಲ್ಲಿ ಎರಡನೆಯ ಪಂದ್ಯದಲ್ಲೇ ಅವರ ಕಾಲಿನ ಹೆಬ್ಬೆರಳಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಬದಲಿಗೆ ಬಂದ ನಲವತ್ತು ವರ್ಷದ ಜೋ ಫ್ಲಾಕೊ ತಮ್ಮ ಕೈಲಾದದ್ದಕ್ಕಿಂತ ಹೆಚ್ಚೇ ಆಡಿದರು: ತಂಡ ತವರಿನಲ್ಲಿ ಜೆಟ್ಸ್ ವಿರುದ್ಧ 38 ಗಳಿಸಿ 39 ಬಿಟ್ಟುಕೊಟ್ಟಿತು, ಅದರ ಮುಂದಿನ ಪಂದ್ಯದಲ್ಲಿ ಬೇರ್ಸ್ ವಿರುದ್ಧ 42 ಗಳಿಸಿ 47 ಬಿಟ್ಟುಕೊಟ್ಟಿತು. ನಲವತ್ತೆರಡು ಅಂಕ ಗಳಿಸಿ ಸೋತ ತಂಡದ ಅಭಿಮಾನಿ ಯಾರಿಗೆ ಮುಖ ತೋರಿಸಬೇಕು ಹೇಳಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಾತ್ರಿ ಬರೋ ಮರಳಿ ಬಂದು ರೇವನ್ಸ್ ವಿರುದ್ಧ ಗೆಲ್ಲಿಸಿದರು. ಹದಿನೇಳು ದಿನಗಳ ನಂತರ ಅದೇ ರೇವನ್ಸ್ ನಮ್ಮ ಊರಿಗೆ ಬಂದು 24–0ರಿಂದ ಬಡಿದು ಹೋದರು. ಒಟ್ಟು ಆರು ಗೆಲುವು, ಹನ್ನೊಂದು ಸೋಲು.

ಆ 24–0ರ ಪಂದ್ಯಕ್ಕೆ ಮೊದಲು ಬರೋ ಒಂದು ಮಾತು ಹೇಳಿದರು. ಇದನ್ನು ಮುಂದುವರಿಸಬೇಕಾದರೆ ನನಗೆ ಇದರಲ್ಲಿ ಖುಷಿ ಇರಬೇಕು, ಬಹಳ ಅನುಭವಿಸಿದ್ದೇನೆ, ಖುಷಿ ಇಲ್ಲದಿದ್ದರೆ ಏಕೆ ಮಾಡಬೇಕು ಎಂಬ ಅರ್ಥದ ಮಾತು. ತಂಡದ ಹೆಸರೆತ್ತಿ ಅವರು ದೂರಲಿಲ್ಲ, ಬಿಡುತ್ತೇನೆ ಎನ್ನಲೂ ಇಲ್ಲ. ಆದರೆ 2010ರ ಋತುವನ್ನು ನೋಡಿದವರಿಗೆ ಆ ಧ್ವನಿ ಗುರುತು ಸಿಗದೆ ಇರುವುದಿಲ್ಲ. ಆಗ ಪಾಮರ್ ಅವರಿಗೆ ಮೂವತ್ತೊಂದು ವರ್ಷ. ಬರೋ ಇನ್ನೂ ಮೂವತ್ತು ತಲುಪಿಲ್ಲ.

ಇಷ್ಟಾದರೂ ತಂಡ ಏಕೆ ಬದಲಾಗುವುದಿಲ್ಲ? ಸೋತರೆ ತಮಗೇನೂ ನಷ್ಟವಿಲ್ಲ, ಅದಕ್ಕೆ. ಈ ಲೀಗಿನಲ್ಲಿ ಕೊನೆಯ ಸ್ಥಾನಕ್ಕಿಳಿದವರನ್ನು ಹೊರಹಾಕುವ ಪದ್ಧತಿಯಿಲ್ಲ. ಟೆಲಿವಿಷನ್ ಹಣವನ್ನು 32 ತಂಡಗಳಿಗೆ ಸಮನಾಗಿ ಹಂಚುತ್ತಾರೆ. ಗ್ರೀನ್ ಬೇ ತಂಡ ಊರಿನ ಜನರ ಒಡೆತನದಲ್ಲಿರುವುದರಿಂದ ತನ್ನ ಲೆಕ್ಕವನ್ನು ಪ್ರಕಟಿಸುತ್ತದೆ. ಅದರ ಪ್ರಕಾರ ಲೀಗಿನ ಪಾಲಾಗಿ ಬಂದ ಮೊತ್ತ 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ 43 ಕೋಟಿ ಡಾಲರ್‌ಗೂ ಮಿಗಿಲು. 2025ರಲ್ಲಿ ಆಟಗಾರರ ಸಂಬಳಕ್ಕಿದ್ದ ಮಿತಿ ಸುಮಾರು 28 ಕೋಟಿ ಡಾಲರ್. ಅಂದರೆ ಒಂದು ಟಿಕೆಟ್ ಮಾರದಿದ್ದರೂ ಸಂಬಳ ಕೊಟ್ಟು ಹಣ ಉಳಿಯುತ್ತದೆ.

ಉಳಿದ ಭಾರ ನಮ್ಮ ಮೇಲೆ. ತಂಡವನ್ನು ಬೇರೆ ಊರಿಗೆ ಒಯ್ಯುವ ಮಾತು ಎದ್ದಾಗ, 1996ರ ಮಾರ್ಚ್‌ನಲ್ಲಿ ಕೌಂಟಿಯ ಜನ ಮತ ಹಾಕಿ ಮಾರಾಟ ತೆರಿಗೆಯನ್ನು ಅರ್ಧ ಸೆಂಟ್ ಏರಿಸಿಕೊಂಡರು. ಮನೆ ಇರುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ ಎಂದು ಅಂದು ಹೇಳಿದ್ದರು. ಸಾಲದ ಕಂತು ಕಟ್ಟಲಾಗದೆ ಆ ರಿಯಾಯಿತಿಯನ್ನು ಕತ್ತರಿಸಿದರು, ಕೌಂಟಿ ತನ್ನ ಆಸ್ಪತ್ರೆಯೊಂದನ್ನು ಮಾರಿತು. ಇನ್ನೂ ಬಂದಿಲ್ಲದ ತಂತ್ರಜ್ಞಾನಕ್ಕೂ ಕೌಂಟಿಯೇ ಹಣ ತೆರಬೇಕೆಂದು 1997ರ ಗುತ್ತಿಗೆಯಲ್ಲಿ ಬರೆಸಿಕೊಂಡಿದ್ದಿರಿ. 2025ರ ಹೊಸ ಒಪ್ಪಂದದಲ್ಲಿ ನವೀಕರಣದ 47 ಕೋಟಿ ಡಾಲರ್‌ಗಳಲ್ಲಿ 35 ಕೋಟಿ ಕೌಂಟಿಯದು, 12 ಕೋಟಿ ತಮ್ಮದು. 2000ದಲ್ಲಿ ತೆರೆದಾಗ ತಮ್ಮ ತಂದೆಯವರ ಹೆಸರಿದ್ದ ಆ ಕ್ರೀಡಾಂಗಣಕ್ಕೆ 2022ರಲ್ಲಿ ಕಂಪನಿಯೊಂದರ ಹೆಸರು ಬಂತು. ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ. ಹೀಗಿರುವಾಗ ತಂಡ ಕುಟುಂಬದ ಆಸ್ತಿ, ಹೇಗೆ ಬೇಕಾದರೂ ನಡೆಸುತ್ತೇವೆ ಎನ್ನುವ ಧೋರಣೆಯನ್ನು ನಾವು ಒಪ್ಪಬೇಕಾದ ಕಾರಣವಿಲ್ಲ.

ಹಾಗಾದರೆ ನಾನು ಕೇಳುವುದೇನು? ತಂಡವನ್ನು ಮಾರಿ ಎಂದಲ್ಲ, ತರಬೇತುದಾರರನ್ನು ಕಿತ್ತುಹಾಕಿ ಎಂದೂ ಅಲ್ಲ. ಕುಟುಂಬದ ಹೊರಗಿನ ಒಬ್ಬ ಅನುಭವಿಯನ್ನು ಜನರಲ್ ಮ್ಯಾನೇಜರ್ ಎಂಬ ಹುದ್ದೆಯಲ್ಲೇ ನೇಮಿಸಿ, ಆಟಗಾರರ ಆಯ್ಕೆಯಲ್ಲಿ ಕೊನೆಯ ಮಾತು ಅವರದಾಗಲಿ. ತೊಂಬತ್ತು ದಾಟಿರುವ ತಾವು ಈ ಭಾರವನ್ನು ಇಳಿಸಿದರೆ ಯಾರೂ ಸೋಲೆಂದು ಎಣಿಸುವುದಿಲ್ಲ. ತಮ್ಮ ಮಗಳು ಕೇಟಿ ಬ್ಲ್ಯಾಕ್‌ಬರ್ನ್ ಅವರು ಹಣಕಾಸು, ಕರಾರುಗಳನ್ನು ಬಲ್ಲವರು ಎಂದು ಎಲ್ಲರೂ ಒಪ್ಪುತ್ತಾರೆ. ಆಡಳಿತ ಅವರ ಬಳಿ ಇರಲಿ, ಮೈದಾನದ ತೀರ್ಮಾನ ಮೈದಾನ ಬಲ್ಲವರದಾಗಲಿ. ಸ್ಕೌಟ್‌ಗಳ ಸಂಖ್ಯೆಯನ್ನು ಲೀಗಿನ ಸರಾಸರಿಗಾದರೂ ತನ್ನಿ. ಒಬ್ಬ ಮಧ್ಯಮ ದರ್ಜೆಯ ಆಟಗಾರನ ಒಂದು ವರ್ಷದ ಸಂಬಳದಲ್ಲಿ ಆ ಇಡೀ ವಿಭಾಗವನ್ನು ನಡೆಸಬಹುದು. ಉಳಿಸಿಕೊಳ್ಳುವ ಆಟಗಾರರ ಕರಾರನ್ನು ಕೊನೆಯ ವರ್ಷಕ್ಕೆ ಮೊದಲೇ ಮುಗಿಸಿ. ಬೇಡದವರನ್ನು ಗೌರವದಿಂದ ಬಿಡಿ.

ಬರೋ ಅವರ ಬಗ್ಗೆ ಬೇರೆಯಾಗಿಯೇ ಕೇಳುತ್ತೇನೆ. ಪತ್ರಿಕೆಯ ಮೂಲಕವಲ್ಲದೆ, ಏಜೆಂಟರ ಮೂಲಕವಲ್ಲದೆ ತಾವೇ ಅವರನ್ನು ಕೂರಿಸಿಕೊಂಡು ಕೇಳಿ: ಈ ತಂಡದಲ್ಲಿ ಏನು ಬದಲಾಗಬೇಕು? ಅವರು ಹೇಳಿದ್ದನ್ನೆಲ್ಲ ಮಾಡಬೇಕೆಂದಿಲ್ಲ. ಯಾವುದನ್ನು ಮಾಡುತ್ತೀರಿ, ಯಾವುದನ್ನು ಮಾಡುವುದಿಲ್ಲ ಎಂಬುದನ್ನು ಅವರಿಗೆ ನೇರವಾಗಿ ತಿಳಿಸಿದರೆ ಸಾಕು. ಅಷ್ಟಾದ ಮೇಲೂ ಅವರು ಒಂದು ದಿನ ಹೊರಡುತ್ತೇನೆ ಎಂದರೆ, ಮಾತಿಗೆ ತಪ್ಪಿದವರು ಎಂಬ ಹಣೆಪಟ್ಟಿಯನ್ನು ಅವರಿಗೂ ಅಂಟಿಸಬೇಡಿ. ಆರು ವರ್ಷಗಳಲ್ಲಿ ಮೊಣಕಾಲು, ಮಣಿಕಟ್ಟು, ಹೆಬ್ಬೆರಳು ಮೂರಕ್ಕೂ ಕತ್ತರಿ ಹಾಕಿಸಿಕೊಂಡು ಮರಳಿ ಬಂದವರು ಅವರು. ಅವರ ಪಾಲಿನ ಮಾತು ಸಂದಾಯವಾಗಿದೆ.

ಕೊನೆಯದಾಗಿ, ಹನ್ನೊಂದು ಸೋಲಿನ ಋತುವಿನ ನಂತರ ಮಾಲೀಕರು ಜನರ ಮುಂದೆ ಬಂದು ಪ್ರಶ್ನೆಗಳಿಗೆ ಉತ್ತರಿಸುವುದು ಬೇರೆ ಕೆಲವು ಊರುಗಳಲ್ಲಿ ರೂಢಿ. ತಾವು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಹೊಸ ಋತುವಿನ ಹೊಸ್ತಿಲಲ್ಲಿ ಮಾತಾಡುತ್ತೀರಿ; ಅಷ್ಟು ಹೊತ್ತಿಗೆ ಹಳೆಯ ಋತುವಿನ ಪ್ರಶ್ನೆಗಳು ಹಳಸಿರುತ್ತವೆ, ಜನರೂ ಟಿಕೆಟ್ ಕೊಂಡಾಗಿರುತ್ತದೆ. ಈ ಸಲ ಮುಂದಿನ ಋತುವಿನ ಟಿಕೆಟ್ ಹಣ ಕಟ್ಟಿ ಎಂಬ ಸೂಚನೆ ನಮ್ಮ ಮನೆಗಳಿಗೆ ಬರುವ ಮೊದಲೇ ತಮ್ಮ ಉತ್ತರ ಬರಲಿ ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹ್ಯಾಮಿಲ್ಟನ್ ಕೌಂಟಿಯ ಒಬ್ಬ ತೆರಿಗೆದಾರ, ಬೆಂಗಾಲ್ಸ್ ಅಭಿಮಾನಿ

ಪ್ರತಿ: ಹ್ಯಾಮಿಲ್ಟನ್ ಕೌಂಟಿ ಆಯುಕ್ತರ ಮಂಡಳಿಗೆ, ಮಾಹಿತಿಗಾಗಿ